ಚಟ ಬಿಟ್ಟವರ ಸುತ್ತಲಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತ ಅಥವಾ ಮಾದಕವಸ್ತು ಬಿಟ್ಟು ಮೇಲೇಳುತ್ತಿರುವವರಿಗೆ ದಾರಿ ಹೇಳಲು ವೈದ್ಯರಿದ್ದಾರೆ, ಆಪ್ತಸಮಾಲೋಚಕರಿದ್ದಾರೆ. ಅವರ ಜೊತೆ ಒಂದೇ ಸೂರಿನಡಿ ಇರುವ ಹೆಂಡತಿ, ತಾಯಿ, ತಮ್ಮ, ಒಂದೇ ಕಚೇರಿಯಲ್ಲಿ ಕೂರುವ ಸಹೋದ್ಯೋಗಿ, ಪಕ್ಕದ ಮನೆಯವರು ಏನು ಮಾಡಬೇಕೆಂದು ಹೇಳುವವರು ಕಡಿಮೆ. ಆಸ್ಪತ್ರೆಯ ಚಿಕಿತ್ಸೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅದಾದ ಮೇಲಿನ ವರ್ಷಗಳನ್ನು ಆ ಮನುಷ್ಯ ಕಳೆಯುವುದು ಇವರೆಲ್ಲರ ನಡುವೆ. ಆದ್ದರಿಂದ ಇಲ್ಲಿನ ಬಹುಪಾಲು ಪ್ರಶ್ನೆಗಳು ಸುತ್ತಲಿನವರವು. ಔಷಧಿಯ ವಿಷಯ ಬಂದಲ್ಲೆಲ್ಲ ಕೊನೆಯ ಮಾತು ಚಿಕಿತ್ಸೆ ಕೊಡುತ್ತಿರುವ ವೈದ್ಯರದ್ದೇ.

ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದಲ್ಲವೇ? ಇದನ್ನು ಕಾಯಿಲೆ ಎನ್ನುವುದು ನೆಪವಲ್ಲವೇ?

ಕುಡಿಯುವವರೆಲ್ಲ ವ್ಯಸನಿಗಳಲ್ಲ. ಮಿತಿ ಹಾಕಿಕೊಂಡರೂ ಮೀರುವುದು, ಬಿಡಲು ಹೋಗಿ ಮತ್ತೆ ಮತ್ತೆ ಸೋಲುವುದು, ಕೆಲಸ, ಸಂಬಂಧ, ಆರೋಗ್ಯ ಕೆಡುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು, ಅದೇ ಅಮಲಿಗೆ ದಿನೇ ದಿನೇ ಹೆಚ್ಚು ಬೇಕಾಗುವುದು, ನಿಲ್ಲಿಸಿದರೆ ಮೈ ನಡುಗುವುದು: ಇಂಥ ಲಕ್ಷಣಗಳನ್ನು ಒಟ್ಟಿಗೆ ನೋಡಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಇಂಥ 11 ಲಕ್ಷಣಗಳಿವೆ. ಒಂದು ವರ್ಷದ ಅವಧಿಯಲ್ಲಿ ಅವುಗಳಲ್ಲಿ ಎರಡು ಕಂಡರೂ ಸಮಸ್ಯೆ ಶುರುವಾಗಿದೆ ಎಂದರ್ಥ. ಆರಕ್ಕಿಂತ ಕಡಿಮೆಯಿಲ್ಲದಿದ್ದರೆ ತೀವ್ರ.

ಒಳಗೆ ಆಗುವುದು ಇಷ್ಟು. ಮದ್ಯವಾಗಲಿ ಹೆರಾಯಿನ್ ಆಗಲಿ, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸಹಜ ಸುಖಗಳು ಹೊಮ್ಮಿಸುವುದಕ್ಕಿಂತ ಬಹಳ ಹೆಚ್ಚಾಗಿ ಹೊಮ್ಮಿಸುತ್ತದೆ. ಕಾಲಕ್ರಮದಲ್ಲಿ ಮಿದುಳು ಅದಕ್ಕೆ ಒಗ್ಗಿಕೊಂಡು, ಬೇರೆ ಯಾವುದರಲ್ಲೂ ರುಚಿ ಸಿಗದಂತಾಗುತ್ತದೆ. ಜೊತೆಗೆ, ಆಸೆ ಹುಟ್ಟಿದಾಗ 'ತಾಳು' ಎನ್ನುವ ಹಣೆಯ ಹಿಂದಿನ ಭಾಗದ ಹಿಡಿತ ಸಡಿಲವಾಗುತ್ತದೆ. ಹಿಂದೆ ಕುಡಿಯುತ್ತಿದ್ದ ರಸ್ತೆಯ ತಿರುವು, ಸಂಬಳದ ದಿನ, ಒಬ್ಬ ಗೆಳೆಯನ ಫೋನ್ ಕರೆ, ಇಂಥ ಸಣ್ಣ ಸೂಚನೆಯೂ ಸಾಕು, ಮೈಯೆಲ್ಲ ಬೇಡಿಕೆ ಏಳುತ್ತದೆ. ಇಚ್ಛಾಶಕ್ತಿ ಬೇಕು, ನಿಜ. ಆದರೆ ಕಾಯಿಲೆ ಏಟು ಕೊಡುವುದೇ ಆ ಶಕ್ತಿಗೆ. ಕಾಯಿಲೆ ಎಂದು ಒಪ್ಪಿದ ಮಾತ್ರಕ್ಕೆ ಮಾಡಿದ ತಪ್ಪುಗಳಿಗೆ ಮಾಫಿ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯವರು ಪಥ್ಯ ಮಾಡಬೇಕಾದಂತೆ ಇಲ್ಲಿಯೂ ಚಿಕಿತ್ಸೆಗೆ ಹಾಜರಾಗುವ ಹೊಣೆ ಅವರದ್ದೇ.

ಸುತ್ತಲಿನ ಬದುಕು ಎಷ್ಟು ಮುಖ್ಯ ಎಂಬುದಕ್ಕೆ ಹಳೆಯದೊಂದು ಅಧ್ಯಯನವಿದೆ. 1971ರಲ್ಲಿ ವಿಯೆಟ್ನಾಮ್ ಯುದ್ಧದಿಂದ ಮರಳಿದ ಅಮೆರಿಕದ ಯೋಧರನ್ನು ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿ ಪರಿಶೀಲಿಸಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ನಂಥ ಮಾದಕಗಳಿಗೆ ಅಂಟಿಕೊಂಡಿದ್ದರು. ಮನೆಗೆ ಮರಳಿದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಅದೇ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಯುದ್ಧಭೂಮಿ ತಪ್ಪಿತು, ಕೈಗೆಟಕುವಷ್ಟು ಹತ್ತಿರವಿದ್ದ ಹೆರಾಯಿನ್ ತಪ್ಪಿತು, ಹಳೆಯ ಬದುಕು ಮರಳಿ ಸಿಕ್ಕಿತು. ಚಿಕಿತ್ಸಾ ಕೇಂದ್ರದಿಂದ ಹೊರಬರುವ ಹೆಚ್ಚಿನವರಿಗೆ ಇಂಥ ಅದೃಷ್ಟವಿರುವುದಿಲ್ಲ; ಅವರು ಮರಳುವುದು ಕುಡಿಯುತ್ತಿದ್ದ ಅದೇ ಬೀದಿಗೆ, ಅದೇ ಕೋಣೆಗೆ. ಬೀದಿಯನ್ನು ಬದಲಿಸುವುದು ಕಷ್ಟ. ಬೀದಿಯ ಜನ ನಡೆದುಕೊಳ್ಳುವ ರೀತಿಯನ್ನು ಬದಲಿಸಬಹುದು.

ಬಿಟ್ಟು ಎರಡು ತಿಂಗಳಾಯಿತು. ಇನ್ನೂ ಸಿಡಿಮಿಡಿ, ನಿದ್ದೆಯಿಲ್ಲ. ಯಾವಾಗ ಸರಿಹೋಗುತ್ತಾರೆ?

ಎರಡು ತಿಂಗಳು ಬಹಳ ಕಡಿಮೆ. ಮೈಯಿಂದ ಮದ್ಯ ಇಳಿಯಲು ಕೆಲವು ದಿನ ಸಾಕು. ಮಿದುಳು ತನ್ನ ಲಯಕ್ಕೆ ಮರಳಲು ತಿಂಗಳುಗಳು ಬೇಕು. ನಿದ್ದೆ ಕೆಡುವುದು, ಮಂಕು, ಮರೆವು, ಸಣ್ಣ ಮಾತಿಗೆ ಸಿಡುಕು, ಯಾವುದೂ ಬೇಡವೆನಿಸುವುದು ಮೊದಲ ವರ್ಷದಲ್ಲಿ ಬಂದು ಹೋಗುತ್ತಿರುತ್ತವೆ. 'ಕುಡಿಯುತ್ತಿದ್ದಾಗಲೇ ಚೆನ್ನಾಗಿದ್ದೆ' ಎಂದು ಮನೆಯವರ ಬಾಯಿಂದ ಜಾರುವುದು ಇದೇ ಹೊತ್ತಿನಲ್ಲಿ. ದಯವಿಟ್ಟು ಆ ಒಂದು ಮಾತನ್ನು ನುಂಗಿಕೊಳ್ಳಿ.

ವೈದ್ಯಕೀಯ ಲೆಕ್ಕದಲ್ಲಿ ಮೂರು ತಿಂಗಳು ಲಕ್ಷಣಗಳಿಲ್ಲದಿದ್ದರೆ ಆರಂಭಿಕ ಚೇತರಿಕೆ, ಒಂದು ವರ್ಷ ದಾಟಿದರೆ ಸ್ಥಿರ ಚೇತರಿಕೆ. ಐದು ವರ್ಷ ದಾಟಿದವರು ಮತ್ತೆ ಬೀಳುವ ಸಾಧ್ಯತೆ ಬಹಳ ತಗ್ಗುತ್ತದೆ. ಆದರೆ ಮಂಕು ವಾರಗಟ್ಟಲೆ ಇಳಿಯದಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ಅದನ್ನು 'ಬಿಟ್ಟಿದ್ದರ ಪರಿಣಾಮ' ಎಂದು ತಳ್ಳಿಹಾಕಬೇಡಿ. ಖಿನ್ನತೆ, ಆತಂಕ, ಹಿಂದಿನ ಆಘಾತಗಳು ವ್ಯಸನದ ಜೊತೆಯಲ್ಲೇ ಇರುವುದು ಸಾಮಾನ್ಯ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಮನೆಯಲ್ಲೇ ಒಂದು ವಾರ ಹೊರಗೆ ಬಿಡದೆ ಇಟ್ಟುಕೊಂಡರೆ ಬಿಟ್ಟುಹೋಗುವುದಿಲ್ಲವೇ?

ಇದು ಪ್ರಾಣಕ್ಕೇ ಎರವಾಗಬಹುದು. ಹಲವು ವರ್ಷ ದಿನನಿತ್ಯ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಇನ್ನೂ ಕೆಟ್ಟ ಹಂತವೊಂದು ಬರಬಹುದು: ಮೈಯೆಲ್ಲ ನಡುಕ, ಬೆವರು, ಜ್ವರ, ಎದೆ ಡವಡವ, ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂಬ ಅರಿವೇ ತಪ್ಪುವುದು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಇದು ತುರ್ತು ಚಿಕಿತ್ಸೆಯ ಸ್ಥಿತಿ. ದೆವ್ವ ಹಿಡಿದಿದೆ, ನಾಟಕವಾಡುತ್ತಾನೆ ಎಂದು ಕಾಯುತ್ತ ಕೂತರೆ ಜೀವ ಹೋಗಬಹುದು. ಹೆಚ್ಚು ಕಾಲ ನಿದ್ದೆ ಮಾತ್ರೆ ಅಥವಾ ಆತಂಕದ ಮಾತ್ರೆ ತೆಗೆದುಕೊಂಡವರಿಗೂ ಇದೇ ಅಪಾಯವಿದೆ. ಅವುಗಳನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಈ ದಿನಗಳನ್ನು ದಾಟಿಸಲು ಔಷಧಿಗಳಿವೆ. ಬಹುಕಾಲ ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಸಕಾಲದಲ್ಲಿ ಕೊಡದಿದ್ದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಸುಸ್ತಾಗಿದ್ದಾರೆಂದು ಯಾರೋ ಮನೆಗೆ ಬಂದು ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿ ಹೋಗುವುದು ಸರಿಯಲ್ಲ ಎನ್ನಲು ಇದೂ ಒಂದು ಕಾರಣ.

ಹೆರಾಯಿನ್ ಅಥವಾ ಅಮಲಿನ ನೋವುನಿವಾರಕಗಳನ್ನು ಬಿಟ್ಟಾಗ ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ನರಕವನ್ನೇ ತೋರಿಸುತ್ತವೆ. ಅದರಿಂದಲೇ ಸಾಯುವುದು ಅಪರೂಪ. ಅಲ್ಲಿನ ದೊಡ್ಡ ಅಪಾಯ ಆಮೇಲೆ ಇದೆ, ಮುಂದೆ ಹೇಳಿದ್ದೇನೆ.

ಅವರಿಗೆ ಗೊತ್ತಾಗದಂತೆ ಊಟದಲ್ಲಿ ಮಾತ್ರೆ ಬೆರೆಸಿ ಕೊಡಬಹುದೇ?

ಬೇಡ. ಹತಾಶರಾದ ಮನೆಯವರು ಕೇಳುವ ಈ ಪ್ರಶ್ನೆಯ ಹಿಂದಿನ ಸಂಕಟ ಅರ್ಥವಾಗುತ್ತದೆ. ಗುಟ್ಟಾಗಿ ಕುಡಿತ ಬಿಡಿಸುವ ಪುಡಿ ಮಾರುವವರ ಲಾಭವೂ ಅರ್ಥವಾಗುತ್ತದೆ. ಇಂಥ ಪುಡಿಗಳಲ್ಲಿ ಏನಿದೆಯೆಂದು ನೋಡಿ ಹೇಳುವವರು ಯಾರೂ ಇಲ್ಲ.

ವೈದ್ಯರು ಬಳಸುವ ಡೈಸಲ್ಫಿರಾಮ್ ಎಂಬ ಔಷಧಿಯಿದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದರ ಗುಣವನ್ನು ಗುರುತಿಸಿದರು. ಮದ್ಯ ಯಕೃತ್ತಿನಲ್ಲಿ ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ಬೇಗನೆ ಕರಗಿಹೋಗುತ್ತದೆ. ಈ ಮಾತ್ರೆ ಆ ಕೆಲಸವನ್ನು ತಡೆಹಿಡಿಯುವುದರಿಂದ, ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗವಿದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. 'ಇದನ್ನು ನುಂಗಿದ್ದೇನೆ, ಇವತ್ತು ಕುಡಿಯುವಂತಿಲ್ಲ' ಎಂಬ ತಿಳಿವಳಿಕೆಯೇ ಈ ಔಷಧಿಯ ಅರ್ಧ ಶಕ್ತಿ. ಗುಟ್ಟಾಗಿ ಕೊಟ್ಟರೆ ಆ ಅರ್ಧ ಹೋಗಿ ಅಪಾಯವೊಂದೇ ಉಳಿಯುತ್ತದೆ. ಮನೆಯವರ ಕೈಯಿಂದ ಪ್ರತಿದಿನ, ಅವರಿಗೆ ತಿಳಿದೇ, ಅವರ ಒಪ್ಪಿಗೆಯಿಂದಲೇ ತೆಗೆದುಕೊಂಡಾಗ ಅದೇ ಮಾತ್ರೆ ಒಳ್ಳೆಯ ಊರುಗೋಲು.

ಹೆರಾಯಿನ್ ಬದಲಿಗೆ ಮೆಥಡೋನ್, ಬುಪ್ರೆನಾರ್ಫಿನ್ ಎಂಬ ಔಷಧಿ ಕೊಡುವುದೆಂದರೆ ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತಲ್ಲವೇ?

ಅನೇಕ ಕುಟುಂಬಗಳು ಇದೇ ಅನುಮಾನದಿಂದ ಔಷಧಿ ನಿಲ್ಲಿಸಿ ದೊಡ್ಡ ಬೆಲೆ ತೆತ್ತಿವೆ. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಕೊಡಲಾರಂಭಿಸಿದರು. ದಿನಕ್ಕೊಮ್ಮೆ ನಿಗದಿತ ಪ್ರಮಾಣ. ಅಮಲಿನ ಏರಿಳಿತವಿಲ್ಲ, ಮೈ ಬೇನೆಯಿಲ್ಲ. ಹೆರಾಯಿನ್‌ಗಾಗಿ ದಿನವಿಡೀ ಅಲೆಯಬೇಕಿಲ್ಲವಾದ್ದರಿಂದ ಕೆಲಸಕ್ಕೆ ಹೋಗಬಹುದು, ಮಕ್ಕಳನ್ನು ನೋಡಿಕೊಳ್ಳಬಹುದು. 2005ರಿಂದ ಈ ಎರಡೂ ಔಷಧಿಗಳು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಈ ಚಿಕಿತ್ಸೆಯಲ್ಲಿ ಉಳಿದವರಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಹಲವು ಅಧ್ಯಯನಗಳು ಕಂಡಿವೆ.

ಮೈ ಅದಕ್ಕೆ ಒಗ್ಗಿರುತ್ತದೆ, ನಿಜ. ಆದರೆ ವ್ಯಸನವೆಂದರೆ ಹಾನಿ ಗೊತ್ತಿದ್ದೂ ಹಿಡಿತ ತಪ್ಪಿ ಓಡುವುದು. ಇಲ್ಲಿ ಆ ಓಟವೇ ನಿಂತಿರುತ್ತದೆ. ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಮತ್ತು ಅವರು ಕೂತು ತೀರ್ಮಾನಿಸಲಿ. ಮದ್ಯದ ಬಯಕೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಿಗಳಿವೆ; ಅವು ಅಮಲು ತರುವಂಥವಲ್ಲ.

ಎಂಟು ತಿಂಗಳು ಚೆನ್ನಾಗಿದ್ದವನು ನಿನ್ನೆ ಮತ್ತೆ ಕುಡಿದು ಬಂದ. ಇಷ್ಟು ದಿನದ್ದೆಲ್ಲ ನೀರುಪಾಲೇ?

ಅಲ್ಲ. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಜನ ಒಮ್ಮೆಯಾದರೂ ಮತ್ತೆ ಬೀಳುತ್ತಾರೆ. ರಕ್ತದೊತ್ತಡ, ಅಸ್ತಮಾ ಇರುವವರಲ್ಲಿ ಮತ್ತೆ ಉಲ್ಬಣಗೊಳ್ಳುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಅವರು ಮಾತ್ರೆ ತಪ್ಪಿಸಿ ಆಸ್ಪತ್ರೆ ಸೇರಿದರೆ ನಾವು ಹಣ್ಣು ಹಿಡಿದು ನೋಡಲು ಹೋಗುತ್ತೇವೆ. ಇವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲಿ ಒಂದು ಸಂಗತಿಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಮೊದಲ ಗುಟುಕಿಗಿಂತ ಅದರ ನಂತರ ಮನಸ್ಸಿನಲ್ಲಿ ಏಳುವ 'ಹೇಗೂ ಕೆಟ್ಟೆ, ನಾನು ಇಷ್ಟೇ' ಎಂಬ ತೀರ್ಪು ಹೆಚ್ಚು ಹಾನಿ ಮಾಡುತ್ತದೆ. ಒಂದು ರಾತ್ರಿಯ ಜಾರುವಿಕೆಯನ್ನು ಮೂರು ತಿಂಗಳ ಕುಸಿತವನ್ನಾಗಿ ಮಾಡುವುದು ಈ ತೀರ್ಪು. ಅದನ್ನೇ ಮನೆಯವರೂ ಜೋರಾಗಿ ಓದಿ ಹೇಳಿದರೆ ಅಪೀಲಿಗೆ ಜಾಗವೇ ಉಳಿಯುವುದಿಲ್ಲ.

ಆ ರಾತ್ರಿ ಏನನ್ನೂ ಇತ್ಯರ್ಥ ಮಾಡಲು ಹೋಗಬೇಡಿ. ಅಮಲಿನಲ್ಲಿರುವವರ ಜೊತೆ ವಾದ, ಆಣೆ, ಕಣ್ಣೀರು ಯಾವುದೂ ಬೆಳಿಗ್ಗೆಗೆ ಉಳಿಯುವುದಿಲ್ಲ. ಗಾಡಿಯ ಕೀಲಿ ತೆಗೆದಿಡಿ, ಮಗ್ಗುಲಾಗಿ ಮಲಗಿಸಿ, ಉಸಿರಾಟ ಗಮನಿಸಿ. ಮರುದಿನ ಅಮಲು ಇಳಿದ ಮೇಲೆ ಕೂತು ಮಾತಾಡಿ: ಆ ದಿನ ಏನಾಯಿತು, ಯಾರು ಸಿಕ್ಕರು, ಹಸಿವಿತ್ತೇ, ನಿದ್ದೆ ಕೆಟ್ಟಿತ್ತೇ, ಔಷಧಿ ಅಥವಾ ಬಿಟ್ಟವರೇ ಸೇರುವ ಗುಂಪಿನ ಸಭೆ ತಪ್ಪಿತ್ತೇ. ಎಷ್ಟೋ ಸಲ ಜಾರುವುದಕ್ಕೆ ವಾರಗಳ ಮುಂಚೆಯೇ ಗುರುತುಗಳು ಕಾಣಿಸಿರುತ್ತವೆ: ಹಳೆಯ ಗೆಳೆಯರ ಕರೆಗಳು, 'ಇನ್ನೇನು ಸಭೆಗೆ ಹೋಗಬೇಕಿಲ್ಲ' ಎಂಬ ಮಾತು, ಸುಮ್ಮಸುಮ್ಮನೆ ಜಗಳ. ಅದನ್ನೆಲ್ಲ ಬರೆದಿಟ್ಟುಕೊಂಡು ಅದೇ ವಾರ ವೈದ್ಯರ ಬಳಿಗೆ ಹೋಗಿ. ಎಂಟು ತಿಂಗಳಲ್ಲಿ ಕಲಿತದ್ದು ಒಂದು ರಾತ್ರಿಯಲ್ಲಿ ಮರೆತುಹೋಗುವುದಿಲ್ಲ.

ಮತ್ತೆ ಬಿದ್ದಾಗ ಜೀವಕ್ಕೆ ಅಪಾಯ ಹೆಚ್ಚು ಎನ್ನುತ್ತಾರೆ, ಏಕೆ?

ಹೆರಾಯಿನ್ ಮತ್ತು ಆ ಜಾತಿಯ ಮಾದಕಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಬಿಟ್ಟ ಕೆಲವೇ ವಾರಗಳಲ್ಲಿ ಮೈಯ ತಾಳಿಕೆ ಇಳಿದುಬಿಡುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ ಬಿಡುಗಡೆಯಾದ ಮೊದಲ ಎರಡು ವಾರ, ಚಿಕಿತ್ಸಾ ಕೇಂದ್ರದಿಂದ ಹೊರಬಂದ ಮೊದಲ ದಿನಗಳು ಅತ್ಯಂತ ಅಪಾಯದ ಸಮಯ. ಈ ವಿಷಯವನ್ನು ಅವರೊಡನೆ ಮುಂಚಿತವಾಗಿಯೇ, ನಾಚಿಕೆಯಿಲ್ಲದೆ ಮಾತಾಡಬೇಕು. 'ಮತ್ತೆ ತಗೋ ಎಂದು ಹೇಳಿಕೊಟ್ಟಂತಾಗುತ್ತದೆ' ಎಂದು ಹಿಂಜರಿಯುವವರಿದ್ದಾರೆ. ಅಗ್ನಿಶಾಮಕ ಉಪಕರಣ ಇಟ್ಟ ಮಾತ್ರಕ್ಕೆ ಯಾರೂ ಮನೆಗೆ ಬೆಂಕಿ ಹಚ್ಚುವುದಿಲ್ಲ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ, ಉಸಿರು ತೀರಾ ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ, ಅಲುಗಾಡಿಸಿದರೂ ಎಚ್ಚರವಾಗದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ನಾಲೋಕ್ಸೋನ್ ಎಂಬ ಔಷಧಿ ಕೆಲವೇ ನಿಮಿಷಗಳಲ್ಲಿ ಈ ಮಾದಕಗಳ ಪರಿಣಾಮವನ್ನು ತಡೆದು ಉಸಿರನ್ನು ಮರಳಿಸಬಲ್ಲದು. ಹಲವು ದೇಶಗಳಲ್ಲಿ ಅದನ್ನು ಮೂಗಿಗೆ ಸಿಂಪಡಿಸುವ ರೂಪದಲ್ಲಿ ಮನೆಯವರ ಕೈಗೇ ಕೊಡುತ್ತಾರೆ. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಷ್ಟೇ. ಎದ್ದು ಕೂತರೆಂದು ಆಸ್ಪತ್ರೆ ತಪ್ಪಿಸುವಂತಿಲ್ಲ. ಮದ್ಯ ಅಥವಾ ನಿದ್ದೆ ಮಾತ್ರೆಯ ಮಿತಿಮೀರಿದ ಸೇವನೆಯಲ್ಲಿ ನಾಲೋಕ್ಸೋನ್ ಕೆಲಸ ಮಾಡುವುದಿಲ್ಲ. ಆದರೆ ಏನು ತೆಗೆದುಕೊಂಡಿದ್ದಾರೆಂದು ಗೊತ್ತಿಲ್ಲದಾಗ ಕೊಟ್ಟರೆ ಹಾನಿಯೂ ಇಲ್ಲ.

ಅವರ ಸಾಲ ತೀರಿಸಬೇಕೇ? ಕಚೇರಿಗೆ ಫೋನ್ ಮಾಡಿ ಜ್ವರವೆಂದು ಹೇಳಬೇಕೇ?

ಯಾವುದು ನೆರವು, ಯಾವುದು ಮುಚ್ಚಿಹಾಕುವುದು ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ನಾನು ಮಾಡುತ್ತಿರುವುದು ಕುಡಿಯುವುದನ್ನು ಸುಲಭ ಮಾಡುತ್ತದೆಯೇ, ಬಿಡುವುದನ್ನು ಸುಲಭ ಮಾಡುತ್ತದೆಯೇ? ಕುಡಿದು ಏಳಲಾಗದ ಬೆಳಿಗ್ಗೆ ಮೇಲಧಿಕಾರಿಗೆ ಸುಳ್ಳು ಹೇಳುವುದು ಮೊದಲನೆಯದು. ಚಿಕಿತ್ಸೆಗೆ ಹೋಗುವ ದಿನ ಮಕ್ಕಳನ್ನು ನೋಡಿಕೊಳ್ಳುವುದು, ಬಸ್ಸಿಗೆ ಜೊತೆಯಾಗುವುದು ಎರಡನೆಯದು. ಸಾಲದ ವಿಷಯದಲ್ಲಿ ಹಣವನ್ನು ಕೈಗೆ ಕೊಡುವ ಬದಲು, ಅವರನ್ನು ಜೊತೆಗೆ ಕೂರಿಸಿಕೊಂಡು ಸಾಲದ ಪಟ್ಟಿ ಮಾಡಿ, ಅವರ ದುಡಿಮೆಯಿಂದಲೇ ಕಂತು ಕಟ್ಟುವ ಏರ್ಪಾಟಿಗೆ ನೆರವಾಗಿ. ಒಂದೇ ಏಟಿಗೆ ಎಲ್ಲ ತೀರಿಸಿದ ತಂದೆ ಆರು ತಿಂಗಳ ನಂತರ ಮತ್ತೆ ತೀರಿಸಬೇಕಾಗಿ ಬರುವುದು ಹೊಸ ಕತೆಯೇನಲ್ಲ.

'ಇನ್ನೊಮ್ಮೆ ಕುಡಿದರೆ ಮನೆಯಿಂದ ಹೊರಗೆ' ಎಂಬ ಗಡುವುಗಳನ್ನು ಪಾಲಿಸುವ ಧೈರ್ಯವಿದ್ದರೆ ಮಾತ್ರ ಹಾಕಿ. ಹತ್ತು ಸಲ ಹೇಳಿ ಹತ್ತು ಸಲವೂ ಸಡಿಲಿಸಿದ ಮಾತಿಗೆ ಯಾರೂ ಹೆದರುವುದಿಲ್ಲ.

ವರ್ಷವಾಯಿತು ಬಿಟ್ಟು. ಇನ್ನೂ ನನ್ನ ಬಾಯಿ ಮೂಸುತ್ತಾರೆ, ಜೇಬು ತಡಕುತ್ತಾರೆ. ಏನು ಮಾಡಲಿ?

ಬಿಟ್ಟವರು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ನಿಮ್ಮ ನೋವು ನಿಜ. ನಿಮ್ಮ ಮಾತನ್ನು ನಂಬಿ ನೂರು ಸಲ ಸುಟ್ಟುಕೊಂಡ ಅವರ ಭಯವೂ ನಿಜ. ನಂಬಿಕೆ ಮಾತಿನಿಂದ ಮರಳುವುದಿಲ್ಲ. ಹೇಳಿದ ಹೊತ್ತಿಗೆ ಬರುವುದು, ತಡವಾದರೆ ತಿಳಿಸುವುದು, ಸಂಬಳದ ಲೆಕ್ಕವನ್ನು ಕೇಳುವ ಮುಂಚೆಯೇ ತೋರಿಸುವುದು, ಇಂಥ ಸಣ್ಣ ಸಂಗತಿಗಳು ತಿಂಗಳುಗಟ್ಟಲೆ ಒಂದೇ ಸಮನೆ ನಡೆದರೆ ಮರಳುತ್ತದೆ.

ಮನೆಯವರಿಗೂ ಒಂದು ಮಾತು. ಪತ್ತೇದಾರಿಕೆಯಿಂದ ಯಾರೂ ಕುಡಿತ ಬಿಟ್ಟಿಲ್ಲ. ತಪಾಸಣೆ ಬೇಕೇ ಬೇಕೆನಿಸಿದರೆ ಅದನ್ನು ವೈದ್ಯರ ಮೂಲಕ, ಇಬ್ಬರೂ ಒಪ್ಪಿದ ಪರೀಕ್ಷೆಯಾಗಿ ಮಾಡಿಸಿ. ಆಗ ಅದು ಅವರ ಪರವಾದ ಸಾಕ್ಷಿಯೂ ಆಗುತ್ತದೆ. ಪ್ರತಿ ಜಗಳದಲ್ಲೂ ಹಳೆಯ ಕಡತ ಬಿಚ್ಚುವುದನ್ನು ನಿಲ್ಲಿಸಿ. ಹಳೆಯ ಗಾಯದ ಬಗ್ಗೆ ಮಾತಾಡಲೇಬೇಕಿದ್ದರೆ ಆಪ್ತಸಮಾಲೋಚಕರ ಎದುರು ಸಮಯ ಗೊತ್ತುಮಾಡಿ ಮಾತಾಡಿ.

ಸಮಾರಂಭಕ್ಕೆ ಕರೆಯುವುದೋ ಬೇಡವೋ?

ಕರೆಯಿರಿ. ಬರುವುದು ಬಿಡುವುದು ಅವರ ತೀರ್ಮಾನ. ಬಂದರೆ ಮದ್ಯವಲ್ಲದ ಪಾನೀಯ ಎಲ್ಲರಿಗೂ ಸುಲಭವಾಗಿ ಸಿಗುವಂತಿರಲಿ, 'ಯಾಕೆ ತಗೊಳ್ಳುತ್ತಿಲ್ಲ' ಎಂಬ ಪ್ರಶ್ನೆ ಬೇಡ, ಬೇಗ ಎದ್ದು ಹೊರಟರೆ ತಡೆಯಬೇಡಿ. 'ಒಂದೇ ಒಂದು, ಏನಾಗುತ್ತದೆ' ಎನ್ನುವ ಮಹಾನುಭಾವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗುವುದು ಆತಿಥೇಯರ ಕೆಲಸ.

ನಮ್ಮ ಸಂಸ್ಥೆಯಲ್ಲಿ ಕೆಲಸ ಕೇಳಿ ಬಂದಿದ್ದಾರೆ. ತೆಗೆದುಕೊಳ್ಳಬಹುದೇ?

ಕೆಲಸಕ್ಕೆ ಅರ್ಹರಾಗಿದ್ದರೆ ತೆಗೆದುಕೊಳ್ಳಿ. ನಿಗದಿತ ವೇಳೆ, ಕೈಯಲ್ಲಿ ತನ್ನದೇ ದುಡ್ಡು, ಬೇಕಾದವನೆಂಬ ಭಾವ, ಇವು ಚೇತರಿಕೆಗೆ ಒದಗಿಸುವ ಬಲವನ್ನು ಯಾವ ಉಪನ್ಯಾಸವೂ ಒದಗಿಸದು. ವೈದ್ಯರ ಭೇಟಿಗೆ, ಗುಂಪಿನ ಸಭೆಗೆ ವಾರದಲ್ಲಿ ಒಂದೆರಡು ಗಂಟೆ ಬಿಡುವು ಕೊಡಿ. ಮೊದಲ ತಿಂಗಳುಗಳಲ್ಲಿ ಸಾಧ್ಯವಾದರೆ ರಾತ್ರಿ ಪಾಳಿ ತಪ್ಪಿಸಿ. ಕೆಟ್ಟ ನಿದ್ದೆ ಬಯಕೆಯನ್ನು ಕೆರಳಿಸುತ್ತದೆ. ಭಾರಿ ಯಂತ್ರ, ವಾಹನ ಚಾಲನೆಯಂಥ ಕೆಲಸವಾದರೆ ಎಲ್ಲರಿಗೂ ಅನ್ವಯಿಸುವ ಸುರಕ್ಷತಾ ನಿಯಮ ಇವರಿಗೂ ಅನ್ವಯಿಸಲಿ. ಅವರಿಗೆಂದೇ ಹೊಸ ನಿಯಮ ಬೇಡ, ವಿನಾಯಿತಿಯೂ ಬೇಡ. ಹಿನ್ನೆಲೆ ತಿಳಿದ ಅಧಿಕಾರಿ ಅದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು. ಕ್ಯಾಂಟೀನಿನಲ್ಲಿ ಅದು ಹರಿದಾಡಿದರೆ ಆ ಕೆಲಸದಿಂದ ಆದ ಒಳ್ಳೆಯದೆಲ್ಲ ತೊಳೆದುಹೋಗುತ್ತದೆ.

ಸ್ವಸಹಾಯ ಗುಂಪುಗಳಿಂದ ನಿಜವಾಗಿ ಪ್ರಯೋಜನವಿದೆಯೇ? ಅಲ್ಲಿ ಬರೀ ದೇವರ ಮಾತಂತೆ.

ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರಾನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿತು: ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರಚಿಕಿತ್ಸಕ. ತಾನು ಬಿಡಬೇಕಾದರೆ ಇನ್ನೊಬ್ಬನಿಗೆ ನೆರವಾಗಬೇಕು ಎಂಬುದು ಅವರು ಕಂಡುಕೊಂಡ ಸತ್ಯ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಸೇರಲು ಬೇಕಾದದ್ದು ಬಿಡಬೇಕೆಂಬ ಆಸೆಯೊಂದೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆ, ಸಂಪೂರ್ಣ ಮದ್ಯತ್ಯಾಗದ ವಿಷಯದಲ್ಲಿ ಈ ಗುಂಪುಗಳೂ ಅವಕ್ಕೆ ಜೋಡಿಸುವ ಚಿಕಿತ್ಸೆಯೂ ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಮೇಲು ಎಂದು ಕಂಡಿತು.

ದೇವರ ಮಾತು ಇದೆ. ಅದನ್ನು ತಮಗೆ ತಿಳಿದಂತೆ ಅರ್ಥಮಾಡಿಕೊಂಡು ಉಳಿದ ನಾಸ್ತಿಕರೂ ಬಹಳ ಜನ. ಸರಿಬಾರದವರಿಗೆ ದೇವರ ಪ್ರಸ್ತಾಪವಿಲ್ಲದ, ಯೋಚನೆಯ ಕ್ರಮವನ್ನು ತಿದ್ದಿಕೊಳ್ಳುವ ಸ್ಮಾರ್ಟ್ ರಿಕವರಿಯಂಥ ಗುಂಪುಗಳೂ ಇವೆ. ಒಂದು ಗುಂಪು ಹಿಡಿಸಲಿಲ್ಲವೆಂದರೆ ಬೇರೆ ಜಾಗದ ಇನ್ನೊಂದನ್ನು ನೋಡಿ. ಗುಂಪಿನಿಂದ ಗುಂಪಿಗೆ ಹವಾ ಬಹಳ ಬದಲಾಗುತ್ತದೆ. ಮಾದಕವಸ್ತುಗಳಿಗಾಗಿ ನಾರ್ಕೊಟಿಕ್ಸ್ ಅನಾನಿಮಸ್ 1953ರಲ್ಲಿ ಆರಂಭವಾಯಿತು. ಮನೆಯವರಿಗೆಂದೇ ಅಲ್-ಅನಾನ್ 1951ರಿಂದಲೂ ಇದೆ, ಮನೆಯವರಿಗೇ ಅದು ಗೊತ್ತಿರುವುದಿಲ್ಲ.

ಚಿಕಿತ್ಸೆಗೆ ಒಪ್ಪುತ್ತಲೇ ಇಲ್ಲ. ಎತ್ತಿಕೊಂಡು ಹೋಗಿ ಕೇಂದ್ರಕ್ಕೆ ಸೇರಿಸಿಬಿಡಲೇ?

ತನಗೆ ಅಥವಾ ಇತರರಿಗೆ ಪ್ರಾಣಾಪಾಯವಿರುವ ಸ್ಥಿತಿಯಲ್ಲಿ ಕಾನೂನಿನಲ್ಲಿ ದಾರಿಗಳಿರುತ್ತವೆ, ಅದನ್ನು ವೈದ್ಯರ ಮೂಲಕವೇ ಮಾಡಬೇಕು. ಹೊಡೆದು, ಕಟ್ಟಿ, ಕೂಡಿಹಾಕಿ ಬಿಡಿಸುತ್ತೇವೆ ಎನ್ನುವ ಜಾಗಗಳಿಂದ ದೂರವಿರಿ. 2012ರಲ್ಲಿ ವಿಶ್ವಸಂಸ್ಥೆಯ 12 ಅಂಗಸಂಸ್ಥೆಗಳು ಜಂಟಿ ಹೇಳಿಕೆ ಕೊಟ್ಟು, ಬಲವಂತದ ಬಂಧನ ಕೇಂದ್ರಗಳನ್ನು ಮುಚ್ಚಬೇಕೆಂದು ಎಲ್ಲ ದೇಶಗಳನ್ನು ಕೇಳಿದವು.

ಕೇಂದ್ರವೊಂದನ್ನು ನೋಡಲು ಹೋದಾಗ ಕೇಳಿ: ಪರವಾನಗಿ ಇದೆಯೇ, ವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ, ನಾವು ಬಂದು ನೋಡಬಹುದೇ, ಬಿಡುಗಡೆಯ ನಂತರ ಯಾರು ವಿಚಾರಿಸಿಕೊಳ್ಳುತ್ತಾರೆ? 'ಶೇ 100 ಗ್ಯಾರಂಟಿ' ಎಂದರೆ ಅಲ್ಲಿಂದಲೇ ಹಿಂದಿರುಗಿ. ಮೂರು ತಿಂಗಳು ಭೇಟಿಗೆ ಬಿಡುವುದಿಲ್ಲ ಎಂದರೂ ಅಷ್ಟೇ.

ಒಪ್ಪದವರನ್ನು ಒಪ್ಪಿಸಲು ಮನೆಯವರಿಗೇ ತರಬೇತಿ ಕೊಡುವ ಕ್ರಾಫ್ಟ್ ಎಂಬ ವಿಧಾನವಿದೆ, ಅಮೆರಿಕದ ರಾಬರ್ಟ್ ಮೈಯರ್ಸ್ ರೂಪಿಸಿದ್ದು. ಕುಡಿಯದಿರುವ ಹೊತ್ತನ್ನು ಗಮನಿಸಿ ಆಗ ಹತ್ತಿರವಾಗುವುದು, ಕುಡಿದಾಗ ಜಗಳವಿಲ್ಲದೆ ದೂರ ಸರಿಯುವುದು, ಅದರ ಪರಿಣಾಮವನ್ನು ಅವರೇ ಉಣ್ಣಲು ಬಿಡುವುದು, 'ಹೀಗಾಗಬಾರದಿತ್ತು' ಎಂದು ಅವರೇ ಅನ್ನುವ ಗಳಿಗೆಗೆ ಕಾದು ಚಿಕಿತ್ಸೆಯ ಮಾತೆತ್ತುವುದು, ಇವು ಅದರ ತಿರುಳು. 1999ರ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಬೇಡವೆಂದು ಹಠ ಹಿಡಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆ ಚಿಕಿತ್ಸೆಗೆ ಬಂದರು. ಆದ್ದರಿಂದ ಅವರು ಬಾರದಿದ್ದರೂ ನೀವೊಬ್ಬರೇ ಆಪ್ತಸಮಾಲೋಚಕರನ್ನು ಕಾಣುವುದರಲ್ಲಿ ಅರ್ಥವಿದೆ. ಆ ಗಳಿಗೆ ಬಂದಾಗ ಫೋನ್ ನಂಬರು, ಭೇಟಿಯ ದಿನ ಎಲ್ಲವೂ ಸಿದ್ಧವಿರಲಿ. ಒಪ್ಪಿಗೆಯ ಮನಸ್ಸು ವಾರದವರೆಗೆ ಕಾಯುವುದಿಲ್ಲ.

ಹೆಂಗಸರ ವ್ಯಸನದ ಬಗ್ಗೆ ಯಾರೂ ಮಾತಾಡುವುದಿಲ್ಲವೇಕೆ?

ಮನೆಯವರೇ ಮುಚ್ಚಿಡುತ್ತಾರೆ, ಅದಕ್ಕೆ. ಅದೇ ಪ್ರಮಾಣದ ಮದ್ಯ ಹೆಂಗಸರ ಯಕೃತ್ತಿಗೆ ಬೇಗ ಹಾನಿ ಮಾಡುತ್ತದೆ. ಕುಡಿತ ಶುರುವಾದದ್ದರಿಂದ ವ್ಯಸನವಾಗುವವರೆಗಿನ ಹಾದಿಯೂ ಅವರಲ್ಲಿ ಚಿಕ್ಕದು. ಮಕ್ಕಳನ್ನು ಯಾರ ಬಳಿ ಬಿಡುವುದು, ಮಕ್ಕಳನ್ನೇ ಕಿತ್ತುಕೊಂಡರೆ ಎಂಬ ಹೆದರಿಕೆಯಿಂದ ಚಿಕಿತ್ಸೆಗೆ ಬರುವುದೇ ತಡ. ಗರ್ಭಿಣಿಯಾಗಿದ್ದರೆ ವೈದ್ಯರಿಗೆ ತಿಳಿಸಲೇಬೇಕು, ತಾನಾಗಿ ಒಮ್ಮೆಲೇ ನಿಲ್ಲಿಸುವುದರಿಂದ ಮಗುವಿಗೂ ಅಪಾಯವಾಗಬಹುದು.

ಮಕ್ಕಳಿಗೆ ಏನು ಹೇಳುವುದು?

ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. ಅಪ್ಪನಿಗೆ ಕಾಯಿಲೆ ಇತ್ತು, ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಮಕ್ಕಳು ಕೇಳದೆಯೇ ಒಳಗೊಳಗೆ ತಮ್ಮನ್ನೇ ದೂಷಿಸಿಕೊಂಡಿರುತ್ತಾರೆ: ಅಂಕ ಕಡಿಮೆ ಬಂತೆಂದು ಅಪ್ಪ ಕುಡಿದರು, ನಾನು ಹಠ ಮಾಡಿದ್ದಕ್ಕೆ ಅಮ್ಮ ಹಾಗಾದಳು ಎಂದು. ಇದು ನಿನ್ನಿಂದ ಆದದ್ದಲ್ಲ, ಇದನ್ನು ನಿಲ್ಲಿಸುವುದು ನಿನ್ನ ಕೆಲಸವೂ ಅಲ್ಲ ಎಂದು ಬಾಯಿಬಿಟ್ಟು ಹೇಳಬೇಕು, ಒಂದಕ್ಕಿಂತ ಹೆಚ್ಚು ಸಲ. ಅಪ್ಪನ ಮೇಲೆ ಕಣ್ಣಿಡುವ ಕೆಲಸವನ್ನು ಮಗುವಿಗೆ ಒಪ್ಪಿಸಬೇಡಿ.

ಶಾಲೆ, ಸಂಘಗಳಲ್ಲಿ ಜಾಗೃತಿ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಹೇಗೆ ಮಾಡಿದರೆ ಒಳ್ಳೆಯದು?

ಜೂನ್ 26 ಹತ್ತಿರವಾದಂತೆ ಈ ಪ್ರಶ್ನೆ ಹೆಚ್ಚುತ್ತದೆ. ಆ ದಿನವನ್ನು ಮಾದಕವಸ್ತು ವಿರೋಧಿ ಅಂತರರಾಷ್ಟ್ರೀಯ ದಿನವೆಂದು ವಿಶ್ವಸಂಸ್ಥೆಯ ಮಹಾಸಭೆ 1987ರಲ್ಲಿ ಘೋಷಿಸಿತು. ತಲೆಬುರುಡೆಯ ಚಿತ್ರ, ಕೊಳೆತ ಶ್ವಾಸಕೋಶದ ಫೋಟೋ, ಸಮವಸ್ತ್ರದವರ ಗುಡುಗು ಭಾಷಣ, ಕೊನೆಗೆ ಪ್ರತಿಜ್ಞೆ: ಇಷ್ಟೇ ಆದರೆ ದಯವಿಟ್ಟು ಬೇಡ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುವ ಡೇರ್ ಎಂಬ ಕಾರ್ಯಕ್ರಮ ಶುರುವಾಗಿ ದೇಶದ ತುಂಬ ಹರಡಿತು. ಆಮೇಲೆ ಬಂದ ಹಲವು ಮೌಲ್ಯಮಾಪನಗಳಲ್ಲಿ ಮಕ್ಕಳ ಮಾದಕವಸ್ತು ಬಳಕೆಯ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡುಬಂತು. ಹೆದರಿಸಿದ ಚಿತ್ರ ಒಂದು ವಾರ ನೆನಪಿರುತ್ತದೆ. ಗೆಳೆಯ ಒತ್ತಾಯಿಸಿದಾಗ ಏನು ಹೇಳಬೇಕೆಂಬುದನ್ನು ಅದು ಕಲಿಸುವುದಿಲ್ಲ. ಬೇಡವೆನ್ನುವ ಅಭ್ಯಾಸ, ಕೋಪ ಮತ್ತು ಬೇಸರವನ್ನು ನಿಭಾಯಿಸುವ ಬಗೆ, 'ಎಲ್ಲರೂ ತಗೊಳ್ಳುತ್ತಾರೆ' ಎಂಬ ತಪ್ಪು ಲೆಕ್ಕವನ್ನು ಸರಿಪಡಿಸುವುದು, ಹಲವು ತರಗತಿಗಳಲ್ಲಿ ಹರಡಿ ಮಾಡಿದರೆ ಫಲವಿದೆ.

ದೊಡ್ಡವರ ಸಭೆಯಾದರೆ, ಬಿಟ್ಟು ಬದುಕು ಕಟ್ಟಿಕೊಂಡವರೊಬ್ಬರ ಮಾತು ಹತ್ತು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅವರು ತಾವಾಗಿ ಒಪ್ಪಿರಬೇಕು, ಬಿಟ್ಟು ಸಾಕಷ್ಟು ಕಾಲವಾಗಿರಬೇಕು, ಫೋಟೋ ಮತ್ತು ಹೆಸರು ಬಳಸುವ ಬಗ್ಗೆ ಮುಂಚಿತವಾಗಿ ಕೇಳಿರಬೇಕು. ಕುಡಿದು ಚರಂಡಿಗೆ ಬಿದ್ದ ಕತೆಯನ್ನೇ ಕೆದಕಬೇಡಿ. ಹೇಗೆ ಎದ್ದರು, ಯಾರು ಏನು ಮಾಡಿದ್ದು ನೆರವಾಯಿತು ಎಂದು ಕೇಳಿ. ಫಲಕಗಳಲ್ಲಿ ಬಾಟಲಿ, ಸಿರಿಂಜು, ಬಿಳಿ ಪುಡಿಯ ಚಿತ್ರ ಹಾಕಬೇಡಿ. ಬಿಟ್ಟು ಒಂದು ತಿಂಗಳಾದವರ ಮೈಯಲ್ಲಿ ಬಯಕೆ ಎಬ್ಬಿಸಲು ಆ ಚಿತ್ರವೇ ಸಾಕು. ಆ ಜಾಗದಲ್ಲಿ ಹತ್ತಿರದ ಚಿಕಿತ್ಸಾ ಕೇಂದ್ರ ಮತ್ತು ಸಹಾಯವಾಣಿಯ ಸಂಖ್ಯೆಯನ್ನು ದೊಡ್ಡದಾಗಿ ಹಾಕಿ.

ಬೀಡಿ, ಸಿಗರೇಟಾದರೂ ಇರಲಿ ಬಿಡಿ ಎನ್ನಬಹುದೇ?

ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಈಗಿನ ಅಧ್ಯಯನಗಳ ಪ್ರಕಾರ ಜೊತೆಯಲ್ಲೇ ತಂಬಾಕನ್ನೂ ಬಿಡಲು ನೆರವು ಪಡೆದವರು ಮದ್ಯ ಮತ್ತು ಮಾದಕಗಳಿಂದಲೂ ಹೆಚ್ಚು ಕಾಲ ದೂರ ಉಳಿಯುತ್ತಾರೆ. ಒತ್ತಾಯ ಬೇಡ. ತಂಬಾಕು ಬಿಡಲು ನೆರವು ಕೇಳಿದರೆ ತಡೆಯಬೇಡಿ.

ನನಗೇ ಸಾಕಾಗಿದೆ. ಬಿಟ್ಟು ಹೋದರೆ ಪಾಪವೇ?

ಹೊಡೆತ, ಬೆದರಿಕೆ ಇದ್ದರೆ ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ. ಅವರ ಚಿಕಿತ್ಸೆ ಆಮೇಲೆ. ಕಾಯಿಲೆ ಎಂಬ ಕಾರಣಕ್ಕೆ ಹೊಡೆತ ತಿನ್ನಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ. ಬೇರೆ ಮನೆಯಲ್ಲಿದ್ದುಕೊಂಡೇ ಅವರ ಚೇತರಿಕೆಗೆ ಬೆಂಬಲ ಕೊಡುವವರಿದ್ದಾರೆ, ಸಂಬಂಧವನ್ನೇ ಮುಗಿಸಿದವರಿದ್ದಾರೆ. ಎರಡನ್ನೂ ಹೊರಗಿನವರು ತೂಗುವಂತಿಲ್ಲ.

ಹೊಡೆತವಿಲ್ಲದ ಮನೆಯಲ್ಲೂ ವರ್ಷಗಟ್ಟಲೆ ಎಚ್ಚರವಿದ್ದವರ ನಿದ್ದೆ, ರಕ್ತದೊತ್ತಡ, ಮನಸ್ಸು ಹದಗೆಟ್ಟಿರುತ್ತದೆ. ಅವರು ಬಿಟ್ಟ ಮೇಲೆ ನೀವು ಕುಸಿಯುವುದೂ ಉಂಟು, ಅಲ್ಲಿಯವರೆಗೆ ಕುಸಿಯಲು ಪುರುಸೊತ್ತು ಇರಲಿಲ್ಲವಲ್ಲ. ನಿಮ್ಮ ಹೆಸರಿನಲ್ಲಿಯೇ ಒಂದು ಚೀಟಿ ಮಾಡಿಸಿ ವೈದ್ಯರನ್ನು ಕಾಣಿ.

ಬಿಟ್ಟ ದಿನದ ವಾರ್ಷಿಕವನ್ನು ಆಚರಿಸಬೇಕೇ?

ಅವರನ್ನೇ ಕೇಳಿ. ಕೆಲವರು ಗುಂಪಿನ ಸಭೆಯಲ್ಲಿ ಪದಕ ತೆಗೆದುಕೊಂಡು ಮನೆಗೆ ತಂದು ತೋರಿಸುತ್ತಾರೆ. ಕೆಲವರಿಗೆ ಆ ದಿನ ಬಂತೆಂದರೆ ಅಳುಕು, ಯಾರೂ ಆ ಮಾತು ಎತ್ತಬಾರದು. ಬೇಡ ಎಂದರೆ ಸುಮ್ಮನಿದ್ದು, ಆ ವಾರ ಔಷಧಿ ಮತ್ತು ಸಭೆ ತಪ್ಪದಂತೆ ನೋಡಿಕೊಳ್ಳಿ. ವಾರ್ಷಿಕದ ಆಸುಪಾಸಿನಲ್ಲಿ ಜಾರುವವರೂ ಇದ್ದಾರೆ.